ಒಂಬತ್ತು ಮಿಲಿಮೀಟರಿನ ಊಹೆ

ಡಾಕ್ಟರ್ ಮೃದುಲಾ ಜಹಗೀರದಾರರಿಗೆ ಕೀವು ಕಂಡರೆ ಹೇಸಿಗೆಯಿಲ್ಲ. ಸಕ್ಕರೆ ಕಾಯಿಲೆಯವರ ಕೊಳೆತ ಕಾಲು, ಹುಳ ಬಿದ್ದ ಗಾಯ, ನಾಲ್ಕು ದಿನದ ಹಿಂದೆಯೇ ಒಡೆದ ಕರುಳು, ಇವುಗಳ ನಡುವೆ ಮೂವತ್ತು ವರ್ಷ ಬಾಳಿದ ಮೂಗು ಅವರದು. ಹುಣ್ಣಿನ ಬಟ್ಟೆ ಬಿಚ್ಚಿ, ಕೈ ತೊಳೆದುಕೊಂಡು, ಹತ್ತು ನಿಮಿಷದಲ್ಲಿ ಡಬ್ಬಿ ತೆರೆದು ಮಂಡಕ್ಕಿ ಸುಸಲಾ ತಿನ್ನಬಲ್ಲರು. ಓಪಿಡಿಯ ಸಿಪಾಯಿ ಮರೆಪ್ಪ ಹೊಸದಾಗಿ ಬಂದ ಪಿಜಿ ವಿದ್ಯಾರ್ಥಿಗಳಿಗೆ ಮೊದಲು ಹೇಳುವುದೇ ಇದನ್ನು.

"ಮೇಡಮ್ಮೋರು ಕೀವಿಗಿ ಮೂಗು ಮುಚ್ಚಂಗಿಲ್ರಿ. ನೀವು ತಪ್ಪು ಹೇಳಿದ್ರ ಮುಚ್ತಾರ ನೋಡ್ರಿ."

ಅವನು ಹೇಳುವುದರಲ್ಲಿ ಚೇಷ್ಟೆ ಸ್ವಲ್ಪವೇ, ನಿಜವೇ ಹೆಚ್ಚು. ಕಲಿಯುವ ಡಾಕ್ಟರನೊಬ್ಬ ರೋಗಿಯ ಹೊಟ್ಟೆಯನ್ನು ಕಾದ ಹಂಚು ಮುಟ್ಟುವವನ ಹಾಗೆ ಎರಡು ಬೆರಳಲ್ಲಿ ಮುಟ್ಟಿ ಕೈ ತೆಗೆದರೆ, ಬಾಗಿಲಲ್ಲಿ ನಿಂತವನ ಹೆಸರು ಕೇಳುವ ಮೊದಲೇ ಸ್ಕ್ಯಾನಿಗೆ ಚೀಟಿ ಬರೆದರೆ, ಮೃದುಲಾ ಅವರ ಮೂಗಿನ ಎಡಬದಿ ಮೇಲೇರುತ್ತಿತ್ತು. ತುಟಿ ಒಣಗಿದ ಹುಣಸೆಯ ಸಿಪ್ಪೆಯಂತೆ ಮಡಚಿಕೊಳ್ಳುತ್ತಿತ್ತು. ಬಾಯಿಂದ ಮಾತು ಬರುತ್ತಿರಲಿಲ್ಲ. ತಮ್ಮ ಮುಖ ಹೀಗಾಗುತ್ತದೆಂದು ಅವರಿಗೆ ಗೊತ್ತೂ ಇರಲಿಲ್ಲ. ಜೇವರ್ಗಿ ಕಾಲೋನಿಯ ಮನೆಯಲ್ಲಿ ಕನ್ನಡಿಯಿದೆ, ಆದರೆ ಬೆಳಿಗ್ಗೆ ಆರೂವರೆಗೆ ಕುಂಕುಮ ಇಟ್ಟುಕೊಳ್ಳುವಾಗ ಅದರೆದುರು ತಪ್ಪು ಉತ್ತರ ಹೇಳುವವರು ಯಾರೂ ಇರುವುದಿಲ್ಲ.

ಅವರು ಹುಟ್ಟಿದ್ದು ಬ್ರಹ್ಮಪುರದ ಓಣಿಯಲ್ಲಿ. ಮನೆಯೊಳಗೆ ಮರಾಠಿ, ಹೊಸ್ತಿಲು ದಾಟಿದರೆ ಕನ್ನಡ, ಬಜಾರಿಗೆ ಹೋದರೆ ಉರ್ದು. ಎಲ್ಲಿ ನೋವು ಎಂದು ಮೂರು ಭಾಷೆಯಲ್ಲಿ ಕೇಳಬಲ್ಲವಳು ಡಾಕ್ಟರಾಗದೆ ಇನ್ನೇನಾದಾಳು ಎಂದು ಅಂಚೆ ಕಚೇರಿಯಲ್ಲಿದ್ದ ತಂದೆ ಗೋಪಾಲರಾಯರು ನಗುತ್ತಿದ್ದರು. ಶಸ್ತ್ರಚಿಕಿತ್ಸೆ ಕಲಿಸಿದವರು ಬುರ್ಹಾನುದ್ದೀನ್ ಸಾಹೇಬರು. ಅವರ ಕೋಣೆಯ ಕಿಟಕಿಯಿಂದ ಕೋಟೆಯ ಗೋಡೆ ಕಾಣುತ್ತಿತ್ತು. "ಹಾಥ್ ಸೇ ಪೂಛೋ ಬೇಟಾ," ಕೈಯಿಂದ ಕೇಳು ಮಗಳೇ, ಎಂದಷ್ಟೇ ಹೇಳಿ ಸಾಹೇಬರು ಕುರ್ಚಿ ತಿರುಗಿಸಿಕೊಂಡು ಆ ಗೋಡೆ ನೋಡುತ್ತ ಕೂತುಬಿಡುತ್ತಿದ್ದರು. ಇಪ್ಪತ್ತಾರರ ಮೃದುಲಾ ಬೆವರುತ್ತ ಹೊಟ್ಟೆ ಒತ್ತಿ, ಬಡಿದು, ಕಿವಿಗೊಟ್ಟು, ಹೇಳಿದ್ದನ್ನು ತಾನೇ ಅಳಿಸಿ ಮತ್ತೊಂದು ಹೇಳುತ್ತಿದ್ದಳು. ಸಾಹೇಬರಿಗೆ ತನ್ನ ಮಾತು ಬೇಸರ, ಅದಕ್ಕೇ ಗೋಡೆ ನೋಡುತ್ತಾರೆ ಎಂದು ಆಗ ಅಂದುಕೊಂಡಿದ್ದಳು. ಆಮೇಲೂ ಬಹಳ ವರ್ಷ ಹಾಗೆಯೇ ಅಂದುಕೊಂಡಿದ್ದರು.

ತಾವು ಕಲಿಸುವ ಕಾಲ ಬಂದಾಗ ಎಲ್ಲರ ಕೈಗೂ ಸ್ಕ್ಯಾನ್ ಬಂದಿತ್ತು. ರೋಗಿಗಳು ಕಂಕುಳಲ್ಲಿ ರಿಪೋರ್ಟಿನ ಕವರ್ ಇಟ್ಟುಕೊಂಡೇ ಬರುತ್ತಿದ್ದರು. ಹುಡುಗರು ಮೊದಲು ಕೈ ಚಾಚುತ್ತಿದ್ದುದು ಕವರಿಗೆ, ಓದಿದ ಮೇಲೆ ರೋಗಿಯ ಕಡೆ. ಅದನ್ನು ನೋಡಲಾರದೆ ಮೃದುಲಾ ಎರಡು ವರ್ಷದ ಹಿಂದೆ ಒಂದು ಪದ್ಧತಿ ಮಾಡಿದರು. ತಾಯಿಯ ಅಡಿಗೆಮನೆಯ ಸ್ಟೀಲಿನ ಹಿಟ್ಟಿನ ಡಬ್ಬಿಯ ಮುಚ್ಚಳಕ್ಕೆ ಸೀಳು ಕೊರೆಸಿ ತಂದರು. ರೋಗಿ ಬಂದ ಕೂಡಲೇ ಕವರನ್ನು ಮೇಜಿನ ಮೇಲೆ ಮಗುಚಿಡಬೇಕು. ಪಿಜಿ ಕೇಳಬೇಕು, ಮುಟ್ಟಬೇಕು, ತನ್ನ ಊಹೆಯನ್ನು ಶಾಯಿಯಲ್ಲಿ ಚೀಟಿಗೆ ಬರೆದು ಡಬ್ಬಿಗೆ ಹಾಕಬೇಕು. ಆಮೇಲೆಯೇ ಕವರ್ ತೆರೆಯುವುದು. ಗುರುವಾರ ಬೆಳಿಗ್ಗೆ ಎಂಟಕ್ಕೆ ಡಬ್ಬಿ ಸುರಿದು ಒಂದೊಂದೇ ಊಹೆಯನ್ನು ಚರ್ಚಿಸುವುದು.

ಮೊದಲ ಮೂರು ತಿಂಗಳು ಡಬ್ಬಿ ತುಂಬ ತಪ್ಪುಗಳೇ. ಆಮೇಲೆ ಊಹೆಗಳು ಸರಿಯಾಗತೊಡಗಿದವು. ವರ್ಷ ತುಂಬುವಷ್ಟರಲ್ಲಿ ನೂರಕ್ಕೆ ತೊಂಬತ್ತೆರಡು. ವಿಭಾಗದ ಮುಖ್ಯಸ್ಥ ಹಣಮಂತರಾಯರು ಅದನ್ನು ಬಣ್ಣದ ಪಟ್ಟಿ ಮಾಡಿಸಿ, ಗಾಜು ಹಾಕಿಸಿ, ಗೋಡೆಗೆ ತೂಗಿಸಿದರು. ಈಗ ಮುಂದಿನ ತಿಂಗಳು ಕಾಲೇಜಿನ ತಪಾಸಣೆಗೆ ತಂಡ ಬರುವುದಿತ್ತು. ಅವರ ಕಣ್ಣಿಗೆ ಮೊದಲು ಬೀಳಬೇಕಾದ ಜಾಗದಲ್ಲೇ ಪಟ್ಟಿ ಇತ್ತು. ಅದರ ಮುಂದೆ ಹಾಯುವಾಗ ಮೃದುಲಾ ಸೆರಗು ಸರಿಮಾಡಿಕೊಳ್ಳುತ್ತಿದ್ದರು.

ಬುಧವಾರ ಅವರ ತಂಡ ಕಮಲಾಪುರಕ್ಕೆ ಹೋಗುತ್ತದೆ. ಬಸ್ ನಿಲ್ದಾಣದ ಹಿಂದೆ ಕಾಲೇಜು ಬಾಡಿಗೆಗೆ ಹಿಡಿದ ಎರಡು ಕೋಣೆ, ಮಧ್ಯೆ ಒಂದು ಪರದೆ. ಆ ಬುಧವಾರ ಎಪ್ಪತ್ತನಾಲ್ಕು ಜನ ಬಂದಿದ್ದರು. ಐವತ್ತೊಂದನೆಯವಳು ಶಾರದಾಬಾಯಿ, ಅರವತ್ತು ದಾಟಿದ, ಒಣಗಿದ ಬಾಳೆಪಟ್ಟೆಯಂಥ ತೆಳ್ಳನೆಯ ಹೆಂಗಸು. ಎರಡು ದಿನದಿಂದ ಹೊಟ್ಟೆನೋವು, ವಾಂತಿ. ಕೈಯಲ್ಲಿ ಕವರ್. ಅವಳನ್ನು ನೋಡಿದವನು ಅತುಲ, ಮೂರನೆಯ ವರ್ಷದವನು, ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ ಹೆಸರಿದ್ದವನು. ಎರಡು ನಿಮಿಷದಲ್ಲಿ ಊಹೆ ಬರೆದು ಡಬ್ಬಿಗೆ ಹಾಕಿ, ಪಿತ್ತಕೋಶದ ಕಲ್ಲು ಎಂದ. ಕವರ್ ತೆರೆದರು. ಕಲ್ಲೇ.

"ಶಾಬ್ಬಾಸ್," ಎಂದರು ಮೃದುಲಾ.

ಇನ್ನೂ ಇಪ್ಪತ್ತಮೂರು ಜನ ಕಾಯುತ್ತಿದ್ದರು. ಗುಳಿಗೆ ಬರೆದುಕೊಟ್ಟು, ಮುಂದಿನ ವಾರ ಕಲಬುರಗಿಗೆ ಬಂದರೆ ಆಪರೇಷನ್ನಿಗೆ ದಿನ ಗೊತ್ತು ಮಾಡೋಣ ಎಂದು ಹೇಳಿ ಕಳಿಸಿದರು. ಶಾರದಾಬಾಯಿ ಏನೋ ಹೇಳಬೇಕೆಂಬಂತೆ ಪರದೆಯ ಹತ್ತಿರ ಒಮ್ಮೆ ನಿಂತಳು. ಅತುಲನನ್ನು ನೋಡಿದಳು, ಸೆರಗು ಹೊದ್ದುಕೊಂಡಳು, ಹೋದಳು.

ಗುರುವಾರ ಬೆಳಿಗ್ಗೆ ಡಬ್ಬಿ ಸುರಿದಾಗ ಮೇಲೇ ಬಿದ್ದ ಚೀಟಿ ಅವಳದು. ಮೃದುಲಾ ಓದಿದರು. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು. ಎದುರಿಗೆ ಅತುಲನೂ ಅವನ ಜೊತೆಯವಳು ಅಂಜನಾಳೂ ಕೂತಿದ್ದರು.

"ಅತುಲ, ಇದು ನಿಂದೇನಪಾ?"

"ಹೌದ್ರಿ ಮೇಡಂ."

"ಓದು."

"ಪಿತ್ತಕೋಶದಾಗ ಒಂದೇ ಕಲ್ಲು, ಒಂಬತ್ತು ಮಿಲಿಮೀಟರ್..."

ಅಲ್ಲಿಗೆ ಓದುವುದನ್ನು ನಿಲ್ಲಿಸಿ ಚೀಟಿಯನ್ನು ಮೇಜಿನ ಮೇಲಿಟ್ಟ.

"ಯಾವ ಬೆರಳಿಂದ ಅಳದಿ?" ಎಂದು ಮೃದುಲಾ ಕೇಳಿದರು. "ತೋರಸು. ನಾನೂ ಕಲೀತೀನಿ. ಮೂವತ್ತು ವರ್ಷ ಆತು, ನನ್ನ ಬೆರಳಿಗೆ ಇನ್ನೂ ಮಿಲಿಮೀಟರ್ ತಿಳಿಯಂಗಿಲ್ಲ."

ಮೃದುಲಾ ಡಬ್ಬಿಯ ಉಳಿದ ಚೀಟಿಗಳನ್ನು ಕೆದಕಿದರು. ಎಲ್ಲ ಅಚ್ಚುಕಟ್ಟು, ಎಲ್ಲ ಸರಿ. ಒಂದರಲ್ಲೂ ಹೊಡೆದುಹಾಕಿದ ಅಕ್ಷರವಿಲ್ಲ, ಒಂದರಲ್ಲೂ ಇರಬಹುದೇ ಎಂಬ ಅನುಮಾನವಿಲ್ಲ. ಎರಡು ವರ್ಷ ಇದನ್ನೇ ಕಲಿಕೆ ಎಂದು ತಿಳಿದು ಹಿಗ್ಗಿದ್ದೆನಲ್ಲ ಎಂದುಕೊಂಡರು. ಕೊಳೆತ ಕಾಲಿಗೆ ಬಾರದ ವಾಕರಿಕೆ ಈ ಶುಭ್ರವಾದ ಕಾಗದಗಳಿಗೆ ಬಂತು. ಮಗುಚಿಟ್ಟ ಕವರನ್ನು ಇವರೆಲ್ಲ ಮೊದಲೇ ಓದಿಕೊಂಡು ಬಂದು, ಉತ್ತರದಿಂದ ಹಿಂದಕ್ಕೆ ನಡೆದು ಕಾರಣಗಳನ್ನು ಹೊಲಿದಿದ್ದರು.

"ಯಾರು ತೋರಸ್ತಾರ ನಿಮಗ?"

ಬಾಗಿಲ ಹತ್ತಿರ ನೀರಿನ ಜಗ್ಗು ಹಿಡಿದು ನಿಂತಿದ್ದ ಮರೆಪ್ಪ ಕೆಮ್ಮಿದ.

"ನಾನ್ರಿ. ಅವರಿಗಿ ಬೈಬ್ಯಾಡ್ರಿ. ಹೆಸರು ಬರಸೂ ಮುಂದ ಕವರ್ ನನ್ನ ಕೈಯಾಗೇ ಇರ್ತಾವಲ್ರಿ. ಫೋಟೋ ಹೊಡದು ಇವರ ಗ್ರೂಪಿಗಿ ಹಾಕ್ತೀನ್ರಿ."

"ಯಾಕ ಮರೆಪ್ಪ? ನಿಮಗೇನು ಸಿಗ್ತದ ಇದರಾಗ?"

"ಏನೂ ಸಿಗಂಗಿಲ್ರಿ." ಅವನು ಜಗ್ಗನ್ನು ಮೇಜಿನ ಮೇಲಿಟ್ಟ. "ಡಬ್ಬಿ ತಂದ ಹೊಸದಾಗ ಒಂದಿನ ಈ ಅಂಜನಾ ಡಾಕ್ಟರು ತಪ್ಪು ಬರದಿದ್ರು. ಪೇಷಂಟ್ ಮುಂದ, ಪೇಷಂಟಿನ ಮಂದಿ ಮುಂದ, ನೀವು ಅವರ ಚೀಟಿ ಡಬ್ಬ್ಯಾಗಿಂದ ಹಿಂಗ ಎರಡು ಬೆರಳಿಂದ ಎತ್ತಿ ಕೆಳಗಿಟ್ರಿ, ಸತ್ತ ಇಲಿ ಹಿಡದಂಗ. ಒಂದು ಮಾತು ಬೈಲಿಲ್ರಿ ನೀವು. ಬೈದಿದ್ರ ಛಲೋ ಇತ್ತು. ಅವರು ನೀರಿನ ಟಾಕಿ ಹಿಂದ ಕುಂತು ಅಳಾಕತ್ತಿದ್ರು. ನನ್ನ ಮಗಳ ವಯಸ್ಸಿನಾಕಿ. ನೋಡಾಕ ಆಗಲಿಲ್ರಿ ನನಗ."

"ನನ್ನ ಮಾರಿ ಹಂಗಾಗ್ತದೇನು?" ಎಂದು ಮೃದುಲಾ ಕೇಳಿದ್ದು ಅಂಜನಾಳನ್ನು.

ಅಂಜನಾ ಹಣಮಂತರಾಯರ ಪಟ್ಟಿ ತೂಗಿದ್ದ ಗೋಡೆ ನೋಡುತ್ತ ಹೇಳಿದಳು, "ಆಗ್ತದ್ರಿ ಮೇಡಂ. ಸರಿ ಹೇಳಿದ್ರ ಮೂಗು ಸುಮ್ಮನಿರ್ತದ. ನಾವು ಹೇಳ್ತಾ ಹೇಳ್ತಾ ನಿಮ್ಮ ಮೂಗು ನೋಡ್ತೀವಿ. ಏರ್ತು ಅಂದ್ರ ಮಾತು ಬದಲಸ್ತೀವಿ."

ಮೃದುಲಾ ಕವರನ್ನು ಮಗುಚಿ ಇಡಿ ಎಂದು ಕಟ್ಟಪ್ಪಣೆ ಮಾಡಿ, ತಮ್ಮ ಮುಖವನ್ನು ತೆರೆದ ರಿಪೋರ್ಟಿನಂತೆ ಮುಂದಿಟ್ಟುಕೊಂಡು ಕೂತಿದ್ದರಲ್ಲ. ಹೇಸಿಗೆ ಈಗ ಎದುರಿನವರಿಂದ ಹೊರಳಿ ತಮ್ಮ ಮೈಗೇ ಹತ್ತಿಕೊಂಡಿತು.

ಅದು ಹತ್ತಿದ ಕೂಡಲೇ ಇನ್ನೊಂದು ಪ್ರಶ್ನೆ ತಣ್ಣಗೆ ಎದ್ದು ನಿಂತಿತು. ಅವರು ಶಾರದಾಬಾಯಿಯ ಚೀಟಿಯನ್ನು ಮತ್ತೆ ಕೈಗೆತ್ತಿಕೊಂಡರು.

"ಅತುಲ, ಆ ಸ್ಕ್ಯಾನ್ ಯಾವಾಗಿಂದು?"

"ಇಪ್ಪತ್ತು ದಿನದ ಹಿಂದಿಂದ್ರಿ."

"ಬ್ಯಾನಿ ಯಾವಾಗಿಂದು?"

"ಎರಡು ದಿನದ್ದು..."

"ಹೊಟ್ಟಿ ಮುಟ್ಟಿದ್ಯಾ? ತೊಡಿಸಂದಿ ನೋಡಿದ್ಯಾ?"

"ಇಲ್ರಿ ಮೇಡಂ. ಕಲ್ಲು ಅದ ಅಂತ ಗೊತ್ತಿತ್ತಲ್ರಿ."

ಬೈಯಲು ಬಾಯಿ ತೆರೆದರು. ತಾವೂ ಮುಟ್ಟಿರಲಿಲ್ಲ. ತೊಂಬತ್ತೆರಡನ್ನು ನಂಬಿ ಶಾಬ್ಬಾಸ್ ಅಂದು ಕಳಿಸಿದ್ದರು. ತೆಳ್ಳನೆಯ ಮುದುಕಿ, ಬಿಟ್ಟುಬಿಟ್ಟು ಬರುವ ನೋವು, ವಾಂತಿ. ತೊಡೆಸಂದಿಯ ಸಣ್ಣ ಕಿಂಡಿಯಲ್ಲಿ ಕರುಳು ಸಿಕ್ಕಿಕೊಂಡಿದ್ದರೆ ನಿನ್ನೆಯಿಂದ ಅದು ಕಪ್ಪಾಗುತ್ತಿರುತ್ತದೆ. ಪಿತ್ತದ ಕಲ್ಲು ಹತ್ತು ವರ್ಷ ಸುಮ್ಮನೆ ಮಲಗಿರಬಲ್ಲದು. ಕಪ್ಪಾಗುವ ಕರುಳು ಮುಂದಿನ ವಾರದವರೆಗೆ ಕಾಯುವುದಿಲ್ಲ.

ರಿಜಿಸ್ಟರಿನಲ್ಲಿದ್ದ ಫೋನ್ ಬಂದ್ ಇತ್ತು. ಅವಳ ಮನೆ ಮರೆಪ್ಪನಿಗೆ ಗೊತ್ತಿತ್ತು, ಕೆಂಪು ಬಾಳೆಯ ತೋಟದ ಬಾಜೂಕೇ. ಮೃದುಲಾ ಆಸ್ಪತ್ರೆಯ ಆಂಬುಲೆನ್ಸ್ ಹೊರಡಿಸಿ ಮೂವರನ್ನೂ ಹತ್ತಿಸಿಕೊಂಡರು. ಕಪನೂರಿನ ಕಾರ್ಖಾನೆಗಳು ಹಿಂದೆ ಸರಿದವು. ಆಮೇಲೆ ಅತುಲ ಹೇಳಿದ, "ಮೇಡಂ, ನನ್ನ ತಪ್ಪಾತ್ರಿ."

"ಅದನ್ನ ಶಾರದಾಬಾಯಿಗೆ ಹೇಳಬೇಕು. ನಾನೂ ಅಲ್ಲೇ ಹೇಳ್ತೀನಿ. ಈಗ ಸುಮ್ಮ ಕೂಡು."

ಶಾರದಾಬಾಯಿ ಪಡಸಾಲೆಯ ಹೊರಸಿನ ಮೇಲೆ ಮುದುಡಿ ಮಲಗಿದ್ದಳು. ಕೆಳಗೆ ಬಕೀಟು. ಅದರಲ್ಲಿದ್ದುದು ಹಸಿರು ದಾಟಿ ಕಂದು ಬಣ್ಣಕ್ಕೆ ತಿರುಗಿತ್ತು, ವಾಸನೆ ಅಂಗಳದವರೆಗೂ ಬರುತ್ತಿತ್ತು. ಸೊಸೆ ಮೂಗಿಗೆ ಸೆರಗು ಹಿಡಿದು ನಿಂತಿದ್ದಳು. ಮೃದುಲಾ ನಾಡಿ ಹಿಡಿದರು. ಓಡುತ್ತಿತ್ತು, ಆದರೆ ಬಲವಿತ್ತು. ಸಲೈನ್ ಹಚ್ಚಿಸಿದರು. ಹತ್ತು ನಿಮಿಷಕ್ಕೆ ತೊಂದರೆಯಿಲ್ಲ ಎಂದು ಲೆಕ್ಕ ಹಾಕಿದರು.

"ಹೇಳ್ರಿ," ಎಂದರು ಇಬ್ಬರಿಗೂ.

ಅತುಲ ಬಕೀಟು ನೋಡಿದ, ಉಬ್ಬಿದ ಹೊಟ್ಟೆ ನೋಡಿದ. ಇದು ಮೇದೋಜೀರಕದ ಊತ ಇರಬಹುದು ಎಂದು ಶುರುಮಾಡಿ, ಮಾತಿನ ನಡುವೆ ತಲೆಯೆತ್ತಿ ಮೃದುಲಾ ಅವರ ಮೂಗು ನೋಡಿದ. ಆ ಕಣ್ಣು ಬಂದು ಮುಟ್ಟಿದ್ದು ಅವರಿಗೆ ಮೊದಲ ಸಲ ಗೊತ್ತಾಯಿತು. ಎಷ್ಟು ವರ್ಷದಿಂದ ಹೀಗೆ ತಡವುತ್ತಿದ್ದವೋ ಈ ಕಣ್ಣುಗಳು, ರೋಗಿಯನ್ನು ಬಿಟ್ಟು ತಮ್ಮನ್ನು.

ಸೊಸೆ ಇಟ್ಟಿದ್ದ ಸ್ಟೂಲನ್ನು ಅವರು ತಿರುಗಿಸಿ ಹಾಕಿಕೊಂಡು ಗೋಡೆಗೆ ಮುಖ ಮಾಡಿ ಕೂತರು.

ಬೆನ್ನ ಹಿಂದೆ ಅಂಜನಾಳ ದನಿ ಕೇಳಿಸಿತು. "ಅತುಲ, ನೀ ಹೊರಗ ನಿಲ್ಲು. ಬಾಗಿಲದಾಗೇ ಇರು, ಹೇಳಿದ್ದು ಕೇಳಿಸಬೇಕು." ಮತ್ತೆ, ಮೆಲ್ಲಗೆ, "ಯವ್ವಾ, ಕಡೀಕ ಹೊರಕಡಿಗಿ ಯಾವಾಗ ಹೋಗಿದ್ರಿ?"

"ಸೋಮಾರ ಹೋಗಿದ್ನಿ ತಂಗಿ."

"ಗಾಳಿ ಸರದಾದೇನು?"

"ಅದೂ ಇಲ್ಲವಾ."

"ಸೀರಿ ಸ್ವಲ್ಪ ಸಡ್ಲ ಮಾಡ್ತೀನ್ರಿ ಯವ್ವಾ. ನಾವು ಹೆಣ್ಮಕ್ಕಳೇ ಇದ್ದೀವಿ."

ಬಟ್ಟೆ ಸರಿದ ಸದ್ದಾಯಿತು. ಮುದುಕಿ ನರಳಿದಳು.

"ಬಲಗಡಿ ತೊಡಿಸಂದ್ಯಾಗ ಒಂದು ಗಂಟದ," ಎಂದು ಅಂಜನಾ ಬಾಗಿಲ ಕಡೆಗೆ ಹೇಳಿದಳು. "ಅಡಿಕಿಗಿಂತ ದೊಡ್ಡದು. ಮುಟ್ಟಿದ್ರ ಬ್ಯಾನಿ. ಒತ್ತಿದ್ರ ಒಳಗ ಹೋಗಂಗಿಲ್ಲ."

"ಒತ್ತಬ್ಯಾಡ," ಎಂದ ಅತುಲ ಹೊರಗಿನಿಂದ. "ಒತ್ತಬ್ಯಾಡ. ಒಳಗ ಕರುಳದ. ಕೆಮ್ಮಿದ್ರ ಉಬ್ತದೇನು?"

"ಇಲ್ಲ."

"ಹಂಗಾದ್ರ ಸಿಕ್ಕೊಂಡದ. ಅಂಜನಾ, ಸಿಕ್ಕೊಂಡದ ಅದು."

ಮೃದುಲಾ ಅವರ ಬೆನ್ನಿಗೆ ಇಬ್ಬರ ಕಾಯುವಿಕೆ ತಾಗುತ್ತಿತ್ತು. ಒಂದು ಹೂಂ ಸಾಕಿತ್ತು. ಮೃದುಲಾ ಗೋಡೆಯ ಸುಣ್ಣದ ಬಿರುಕು ನೋಡುತ್ತಿದ್ದರು.

"ಮೇಡಂ, ಸರಿ ಅದೇನ್ರಿ?"

"ನನ್ನ ಕೇಳಬ್ಯಾಡ್ರಿ. ಇನ್ನೇನು ಇರಬಹುದು, ಅದಲ್ಲ ಅಂತ ಹೆಂಗ ಹೇಳ್ತೀರಿ, ಈಗ ಏನು ಮಾಡ್ತೀರಿ. ಲಗೂ ಹೇಳ್ರಿ."

ಹೇಳಿದರು. ತಡವರಿಸಿದರು, ಒಬ್ಬರದನ್ನು ಒಬ್ಬರು ಕತ್ತರಿಸಿದರು, ಒಂದು ಕಡೆ ಅತುಲ ತಾನು ಹೇಳಿದ್ದೇ ತಪ್ಪೆಂದು ತಾನೇ ಹೊಡೆದುಹಾಕಿದ. ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸಬೇಕು, ಥಿಯೇಟರಿಗೆ ಫೋನ್ ಮಾಡಬೇಕು, ಈಗಲೇ ಹೊರಡಬೇಕು. ಆಗ ಮೃದುಲಾ ಎದ್ದು ಬಂದು ತಾವೂ ಕೈಯಿಟ್ಟು ನೋಡಿದರು. ಗಂಟು ಬೆರಳಿನಡಿ ಗಟ್ಟಿಯಾಗಿ ಬಿಸಿಯಾಗಿ ಇತ್ತು. ನಿನ್ನೆ ಕ್ಲಿನಿಕ್ಕಿನಲ್ಲೂ ಇದ್ದಿರಬೇಕು, ಪರದೆಯ ಈಚೆ, ತಮ್ಮ ಕುರ್ಚಿಯಿಂದ ಒಂದು ಮೊಳ ದೂರದಲ್ಲಿ.

ಆಪರೇಷನ್ ಮಧ್ಯಾಹ್ನ ಮುಗಿಯಿತು. ಒಂದು ಗೇಣು ಕರುಳು ಸತ್ತಿತ್ತು. ಕತ್ತರಿಸಿ, ಉಳಿದದ್ದನ್ನು ಜೋಡಿಸಿದರು. ಟ್ರೇಯಲ್ಲಿ ಬಿದ್ದ ಕಪ್ಪು ತುಂಡನ್ನು ಅವರು ಹೇಸದೆ ನೋಡಿದರು. ನಿನ್ನೆಯೇ ಮುಟ್ಟಿದ್ದರೆ ಇದು ಒಳಗೇ ಗುಲಾಬಿ ಬಣ್ಣದಲ್ಲಿ ಬದುಕಿರುತ್ತಿತ್ತು ಎಂದು ಕೊರೆಯಿತು. ಅದೇ ಸಂಜೆ ವಿಭಾಗಕ್ಕೆ ಹೋಗಿ ಗೋಡೆಯ ಪಟ್ಟಿಯನ್ನು ಇಳಿಸಿದರು. ಹಣಮಂತರಾಯರು ಓಡಿ ಬಂದರು.

"ಏನ್ ಮಾಡಾಕತ್ತೀರಿ ಮೃದುಲಾಬಾಯಿ? ತಪಾಸಣಾದವರು ಹೋಗೂತನಕರೆ ಇರಲಿ. ಆಮ್ಯಾಲ ನೋಡೂಣು."

"ಇದು ನಾರಾಕತ್ತದ ಸರ್."

ಹಣಮಂತರಾಯರು ನಿಜವಾಗಿ ಮೂಗರಳಿಸಿ ವಾಸನೆ ನೋಡಿದರು. ಮೃದುಲಾ ಎಲ್ಲವನ್ನೂ ಹೇಳಿದರು, ಬರೆದೂ ಕೊಟ್ಟರು. ಮೊದಲ ಸಾಲು ತಮ್ಮದೇ ತಪ್ಪಿನದು. ಹಣಮಂತರಾಯರು ಆ ಕಾಗದವನ್ನು ಯಾವ ಫೈಲಿಗೆ ಹಾಕಿದರೋ, ಯಾರೂ ಮತ್ತೆ ಕಾಣಲಿಲ್ಲ. ಮೃದುಲಾ ಅವರಿಗೆ ಅದಕ್ಕೂ ಹೇಸಿಗೆಯಾಯಿತು. ಒಂದು ನಕಲು ತಮ್ಮ ಚೀಲದಲ್ಲಿಟ್ಟುಕೊಂಡರು.

ನಾಲ್ಕನೆಯ ದಿನ ಶಾರದಾಬಾಯಿ ಗಂಜಿ ಕುಡಿದಳು. ಮೃದುಲಾ ಮಂಚದ ಪಕ್ಕ ಕೂತು, ನಿಮ್ಮನ್ನು ಬುಧವಾರ ನಾವು ನೋಡಲೇ ಇಲ್ಲ, ನಾನೂ ನೋಡಲಿಲ್ಲ, ಅದರಿಂದ ನಿಮಗೆ ಇಷ್ಟಾಯಿತು ಎಂದು ಬಿಡಿಸಿ ಹೇಳಿದರು. ಅತುಲ ಕಾಲ ಬಳಿ ನಿಂತಿದ್ದ. ಅವನೂ ಹೇಳಿದ. ಮುದುಕಿ ಗಂಜಿಯ ಬಟ್ಟಲು ಕೆಳಗಿಟ್ಟಳು.

"ಗಂಟು ಅದ ಅಂತ ನನಗ ಗೊತ್ತಿತ್ತು, ಡಾಕ್ಟರಬಾಯಿ. ವರ್ಷ ಆತು. ಗಂಡಹುಡುಗನ ಮುಂದ ಹೆಂಗ ಹೇಳ್ಲಿ? ನೀವು ಕೇಳಿದ್ರ ಹೇಳ್ತಿದ್ನಿ. ನೀವೂ ಕವರೇ ನೋಡಾಕತ್ತಿದ್ರಿ." ಆಮೇಲೆ ಅತುಲನ ಕಡೆ ತಿರುಗಿ, "ನೀ ಊಟಾ ಮಾಡಿಯಿಲ್ಲೋ ತಮ್ಮಾ? ನನಕಿಂತ ನಿನ್ನ ಮಾರಿ ಬಾಡ್ಯಾದ," ಎಂದಳು. ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ಮೃದುಲಾ ಕೇಳಲೂ ಇಲ್ಲ.

ಡಬ್ಬಿ ಈಗ ಮರೆಪ್ಪನ ಕಪಾಟಿನಲ್ಲಿದೆ, ಒಳಗೆ ಅವನ ಟಾಚಣಿ ಪಿನ್ನು ಮತ್ತು ರಬ್ಬರ್ ಬ್ಯಾಂಡು. ಕವರುಗಳು ಈಗ ರೋಗಿಯ ಕೈಯಲ್ಲೇ ಇರುತ್ತವೆ, ಡಾಕ್ಟರು ಕೇಳುವವರೆಗೆ ಮರೆಪ್ಪ ಮುಟ್ಟುವುದಿಲ್ಲ. ತೊಡೆಸಂದಿ ನೋಡಬೇಕಾದಾಗ ಅಂಜನಾ ಪರದೆಯ ಒಳಗಿರುತ್ತಾಳೆ.

ಮುಂದಿನ ಬುಧವಾರ ಕಮಲಾಪುರದಲ್ಲಿ ಮೃದುಲಾ ತಮ್ಮ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ಇಲ್ಲಿ ಕಿಟಕಿಯಿಲ್ಲ, ಕೋಟೆಯೂ ಇಲ್ಲ. ಬುರ್ಹಾನುದ್ದೀನ್ ಸಾಹೇಬರು ಆ ಗೋಡೆಗೆ ಎಷ್ಟು ಸಲ ಮುಖ ಕಿವುಚಿದ್ದರೋ, ಯಾರಿಗೆ ಗೊತ್ತು. ಬೆನ್ನ ಹಿಂದೆ ಅತುಲ ಒಬ್ಬ ರೋಗಿಯನ್ನು ಮಲಗಿಸಿ, ಒತ್ತಿ ನೋಡಿ, ತನ್ನ ಊಹೆ ಹೇಳಿದ. ಶುದ್ಧ ತಪ್ಪು. ಮೃದುಲಾ ಅವರ ಮೂಗಿನ ಎಡಬದಿ ಮೇಲೇರಿತು, ತುಟಿ ಹುಣಸೆಯಾಯಿತು. ಹೇಸಿಗೆ ಹೋಗಿರಲಿಲ್ಲ. ಐವತ್ತೇಳು ವರ್ಷದ ಮುಖ ಒಂದು ವಾರದಲ್ಲಿ ಹೊಸದು ಕಲಿಯುವುದಿಲ್ಲ. ಗೋಡೆಯ ಮೇಲಿದ್ದ ಹಲ್ಲಿಯೊಂದು ಆ ಮುಖ ಕಂಡು ಟ್ಯೂಬ್‌ಲೈಟಿನ ಹಿಂದೆ ಸರಿಯಿತು.

ಹಿಂದೆ, ಆ ಮುಖ ಕಾಣದ ಅತುಲ ರೋಗಿಗೆ, "ಕಾಕಾ, ಎಡಕ ಹೊಳ್ಳಿ ಮಲಗ್ರಿ. ಇನ್ನೊಮ್ಮೆ ನೋಡ್ತೀನಿ," ಎಂದ.